ಸುಕನ್ಯಳ ಅರ್ಜಿ ಎಲ್ಲಿ ಹೋಯಿತು?

ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ, ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳ ಮುಂದೆ ರಾಧಾಮಣಿಯ ಪುಟ್ಟ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ. ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು, ಕಾಲೇಜಿನ ಅರ್ಜಿ, ಏನೇ ಬೇಕಿದ್ದರೂ ಸುತ್ತಲಿನ ಜನ ಅಲ್ಲಿಗೇ ಬರುತ್ತಿದ್ದರು.

ಈ ಬೇಸಿಗೆಯಲ್ಲಿ ಆ ಕಂಪ್ಯೂಟರ್‌ಗೆ ಏನೋ ಆಗಿತ್ತು. ಆನ್ ಮಾಡಿದರೆ ಹತ್ತು ನಿಮಿಷ ಸುಮ್ಮನೆ ತಿರುಗುತ್ತಿತ್ತು. ಬ್ರೌಸರ್ ತೆರೆದರೆ ಎಂದೂ ಕಾಣದ ಹುಡುಕುವ ಪುಟ ಬರುತ್ತಿತ್ತು. ಮೂಲೆಯಲ್ಲಿ ಕೆಂಪು ಪೆಟ್ಟಿಗೆಯೊಂದು ಎದ್ದು, ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಸ್ವಚ್ಛಗೊಳಿಸಿ’ ಎಂದು ಹೆದರಿಸುತ್ತಿತ್ತು. ರಾಧಾಮಣಿ ನೊಣ ಓಡಿಸಿದ ಹಾಗೆ ಅದನ್ನು ಮುಚ್ಚಿ ಕೆಲಸ ಮುಂದುವರಿಸುತ್ತಿದ್ದಳು.

ಅದೇ ಲೈನಿನ ಅರುಣಕುಮಾರಿ ಬಂಗಾರಪೇಟೆಯ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುವವಳು. ಒಂದು ಸಂಜೆ ರೈಲಿಳಿದು ಮನೆಗೆ ಹೋಗುವಾಗ ಪ್ರಿಂಟ್ ತೆಗೆಸಲು ನಿಂತಳು. ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ರಾಧಕ್ಕಾ, ಇದ್ಯಾವ ಪುಟ? ಮುಂಚೆ ಇದು ಇರ್ಲಿಲ್ವಲ್ಲ?"

"ಯಾರಿಗ್ಗೊತ್ತಮ್ಮ, ತಾನಾಗೇ ಬಂದೈತೆ."

"ತಾನಾಗೇ ಬರಲ್ಲ ಕಣಕ್ಕ. ಈಚೆಗೆ ಏನಾನ ಆಕ್ಕೊಂಡ್ಯಾ?"

"ಫೋಟೋ ಚಿಕ್ಕದು ಮಾಡೋಕೆ ಒಂದು ಸಾಫ್ಟ್‌ವೇರ್. ಫ್ರೀ ಇತ್ತು. ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತಿದೆ, ಆಯ್ತು."

"ಆ ನೆಕ್ಸ್ಟ್ ಒತ್ತೋವಾಗ್ಲೇ ಅದರ ಜೊತೆ ಇನ್ನೂ ನಾಕು ಒಳಕ್ ಬಂದವೆ. ಟಿಕ್ ಗುರುತು ಅವರೇ ಆಕಿರ್ತಾರೆ, ನಾವು ನೋಡಲ್ಲ. ಇವೆಲ್ಲ ವೈರಸ್ ಅಂತಲ್ಲ, ಆದ್ರೆ ನಮಗೆ ಬೇಡದ ಪ್ರೋಗ್ರಾಂಗಳು. ಜಾಹೀರಾತು ತೋರಿಸ್ತವೆ, ನಾವು ಓಗ್ಬೇಕಾದ ಕಡೆ ಬಿಟ್ಟು ಬೇರೆ ಕಡೆ ಕರ್ಕೊಂಡೋಗ್ತವೆ. ಅರ್ಧ ಗಂಟೆ ಕೊಡು, ತೆಗೆದಾಕಾನ."

"ಓಗಮ್ಮ ಓಗು! ವೈರಸ್ ಅಲ್ಲ ಅಂತ ನೀನೇ ಏಳ್ತೀಯ. ಕೆಲಸ ನಡೀತಾ ಐತಲ್ಲ. ನಾಳೆ ನೋಡಾನ."

ಮೂರು ವಾರ ಕಳೆದರೂ ಆ ನಾಳೆ ಬರಲಿಲ್ಲ.

ಹೀಗಿರುವಾಗ ಒಂದು ದಿನ ಹತ್ತಿರದ ಮನೆಯ ಕನಕಮ್ಮ ಅವತ್ತಿನ ಗಾರೆ ಕೆಲಸ ಬಿಟ್ಟು ಮಗಳು ಸುಕನ್ಯಳನ್ನು ಅಂಗಡಿಗೆ ಕರೆತಂದಳು. ನರ್ಸಿಂಗ್ ಕೋರ್ಸಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ಒಳ್ಳೆಯ ಅಂಕ ಬಂದಿತ್ತು. ಅವರ ಮನೆಯಲ್ಲಿ ಅಷ್ಟು ದೂರ ಓದಿದವಳು ಅವಳೊಬ್ಬಳೇ.

ರಾಧಾಮಣಿ ಆ ಹೊಸ ಹುಡುಕುವ ಪುಟದಲ್ಲೇ ಕಾಲೇಜಿನ ಹೆಸರು ಬರೆದು, ಮೊದಲು ಕಂಡದ್ದನ್ನೇ ಒತ್ತಿದಳು. ಲಾಂಛನ, ಬಣ್ಣ, ಅಕ್ಷರ ಎಲ್ಲ ಸರಿಯಾಗಿಯೇ ಇದ್ದಂತಿತ್ತು. ಅಂಕ, ಫೋಟೋ, ಆಧಾರ್ ಸಂಖ್ಯೆ, ಫೋನ್ ನಂಬರು ಎಲ್ಲ ತುಂಬಿದಳು. ‘ಅರ್ಜಿ ಸ್ವೀಕರಿಸಲಾಗಿದೆ’ ಎಂದು ಬಂತು. ಪ್ರಿಂಟ್ ತೆಗೆದು ಕೊಟ್ಟಳು.

"ಅಕ್ಕಾ, ನನ್ ಫ್ರೆಂಡ್‌ಗೆ ತಕ್ಷಣ ಫೋನಿಗೆ ಮೆಸೇಜ್ ಬಂದಿತ್ತು. ನಂಗೆ ಬರ್ಲಿಲ್ಲ" ಎಂದಳು ಸುಕನ್ಯ.

"ನೆಟ್‌ವರ್ಕ್ ಇಲ್ಲ ಕಣೇ. ಬತ್ತದೆ ಬುಡು."

ಮೆಸೇಜ್ ಬರಲಿಲ್ಲ. ಕೆಲವು ದಿನಗಳ ಮೇಲೆ ಆಯ್ಕೆ ಪಟ್ಟಿ ಬಂತು, ಅದರಲ್ಲಿ ಅವಳ ಹೆಸರಿರಲಿಲ್ಲ. ಅವಳಿಗಿಂತ ಕಡಿಮೆ ಅಂಕದವರ ಹೆಸರಿತ್ತು. ತಾಯಿ ಮಗಳು ಆ ಹಾಳೆ ಹಿಡಿದು ಕಾಲೇಜಿಗೆ ಓಡಿದರು. "ಈ ಅರ್ಜಿ ನಂಬರು ನಮ್ಮದಲ್ಲಮ್ಮ, ಇದು ಯಾವುದೋ ನಕಲಿ ತಾಣದ್ದು. ನಿಮ್ಮ ಅರ್ಜಿ ನಮಗೆ ಬಂದೇ ಇಲ್ಲ" ಎಂದರು ಅಲ್ಲಿನವರು.

ಅವತ್ತೇ ಮಧ್ಯಾಹ್ನ ಕನಕಮ್ಮ ಅಂಗಡಿಗೆ ಬಂದು ಹಾಳೆಯನ್ನು ಮೇಜಿನ ಮೇಲಿಟ್ಟಳು. ಕೂಗಾಡಲಿಲ್ಲ.

"ರಾಧಮ್ಮಾ, ನಿನ್ನ ನಂಬ್ಕೊಂಡು ಬಂದ್ವಿ. ನನ್ ಮಗಳು ಮೆಸೇಜ್ ಬಂದಿಲ್ಲ ಅಂತ ಅವತ್ತೇ ಏಳಿದ್ಲಲ್ಲ, ಒಂದ್ಸಲ ನೋಡಬಾರ್ದಿತ್ತಾ?"

ಸುಕನ್ಯ ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಬರಲಿಲ್ಲ.

ಮರುದಿನ ಅಂಗಡಿ ತೆರೆಯಲಿಲ್ಲ. ರಾಧಾಮಣಿ ಅರುಣಕುಮಾರಿಯ ಮನೆಗೆ ಹೋಗಿ, "ಏನಾಗೈತೆ ತೋರ್ಸಮ್ಮ" ಎಂದಳು. ಅರುಣಕುಮಾರಿ ಬಂದಳು, ಆದರೆ ಮೌಸ್ ಮುಟ್ಟಲಿಲ್ಲ.

"ನೀನೇ ಮಾಡಕ್ಕ. ಸೆಟ್ಟಿಂಗ್ಸ್ ತೆಗಿ. ಆ್ಯಪ್ಸ್ ಒಳಗೆ ಇನ್‌ಸ್ಟಾಲ್ಡ್ ಆ್ಯಪ್ಸ್ ಅಂತೈತೆ. ತಾರೀಖಿನ ಪ್ರಕಾರ ಜೋಡ್ಸು."

ಫೋಟೋ ಸಾಫ್ಟ್‌ವೇರ್ ಹಾಕಿದ ದಿನವೇ ಇನ್ನೂ ನಾಲ್ಕು ಹೆಸರು. ಒಂದು ಕೂಪನ್ ತೋರಿಸುವುದು, ಒಂದು ಹುಡುಕುವ ಪುಟ ಬದಲಿಸಿ ನಕಲಿ ತಾಣಗಳನ್ನೇ ಮೊದಲು ತೋರಿಸುವುದು, ಒಂದು ವೇಗ ಹೆಚ್ಚಿಸುತ್ತೇನೆ ಎನ್ನುವುದು. ಇನ್ನೊಂದು ಏನೆಂದೇ ಗೊತ್ತಾಗಲಿಲ್ಲ.

"ಎಲ್ಲಾ ಕಿತ್ತಾಕ್ಲಾ?"

"ಗೊತ್ತಿಲ್ದೆ ಕೀಳಬ್ಯಾಡ. ಪ್ರಿಂಟರ್ ಓಡ್ಸೋ ಪ್ರೋಗ್ರಾಂನೂ ಅದರಾಗೇ ಇರ್ತದೆ. ಅನುಮಾನ ಇದ್ರೆ ಆ ಹೆಸರು ಏನು ಅಂತ ಫೋನಾಗೆ ಹುಡುಕಿ ನೋಡಿ, ಆಮೇಲೆ ಅನ್‌ಇನ್‌ಸ್ಟಾಲ್ ಒತ್ತು."

ಒಂದೊಂದಾಗಿ ನಾಲ್ಕೂ ಹೋದವು. ಬ್ರೌಸರ್‌ಗೆ ಅಂಟಿಕೊಳ್ಳುವ ಎಕ್ಸ್‌ಟೆನ್ಷನ್‌ಗಳ ಪಟ್ಟಿಯಲ್ಲಿ ಮತ್ತೆರಡು ಅಡಗಿದ್ದವು, ಅವನ್ನೂ ತೆಗೆದಳು. ಹುಡುಕುವ ಪುಟವನ್ನು ಮೊದಲಿನಂತೆ ಮಾಡಿದಳು. ಗುರುತಿಲ್ಲದ ತಾಣಗಳಿಗೆ ಕೊಟ್ಟಿದ್ದ ನೋಟಿಫಿಕೇಶನ್ ಅನುಮತಿ ರದ್ದು ಮಾಡಿದಳು. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ಪೂರ್ತಿ ಸ್ಕ್ಯಾನ್ ಹಚ್ಚಿದಳು.

"ಅಲ್ಲೇ ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್ ಒಳಗೆ, ಬೇಡದ ಆ್ಯಪ್ ತಡೆಯೋ ಸ್ವಿಚ್ ಐತೆ. ಆನ್ ಮಾಡು. ಪಾಸ್‌ವರ್ಡ್ ಎಲ್ಲ ಬದಲಾಯಿಸ್ಬುಡು."

"ಇಷ್ಟೇನಾ?"

"ಇಷ್ಟೇ ಕಣಕ್ಕ."

ರಾಧಾಮಣಿ ಮುಖ ಮುಚ್ಚಿಕೊಂಡು ಅತ್ತಳು. ಇಷ್ಟಕ್ಕೆ ಅಂದು ಅವಳಿಗೆ ಪುರುಸೊತ್ತು ಇರಲಿಲ್ಲ.

ಕನಕಮ್ಮನನ್ನು ಕರೆದುಕೊಂಡು ಹೋಗಿ ಪೊಲೀಸರಿಗೆ ದೂರು ಕೊಟ್ಟಳು. ದೂರು ದಾಖಲಾಯಿತು, ಸೀಟು ಬರಲಿಲ್ಲ. ‘ಸೀಟು ಕೊಡಿಸುತ್ತೇವೆ’ ಎಂದು ಆ ಅರ್ಜಿಯಲ್ಲಿ ತುಂಬಿದ್ದ ನಂಬರಿಗೆ ಯಾರ್ಯಾರೋ ಫೋನ್ ಮಾಡಿ ಕಾಡತೊಡಗಿದಾಗ ಸುಕನ್ಯ ನಂಬರನ್ನೇ ಬದಲಾಯಿಸಿದಳು. ಈಗ ಅವಳು ಬೆಳಗಿನ ರೈಲಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಮುಂದಿನ ವರ್ಷ ಅರ್ಜಿ ಹಾಕು ಎಂದರೆ, "ನೋಡಾನ" ಎನ್ನುತ್ತಾಳೆ. ರಾಧಾಮಣಿಯ ಅಂಗಡಿಯ ಮುಂದೆ ಹಾಯುವಾಗ ಆ ಕಡೆ ತಿರುಗುವುದಿಲ್ಲ.

ಅಂಗಡಿ, ಸಂಘ, ಶಾಲೆ, ಮನೆ, ಎಲ್ಲಿಯಾದರೂ ಕಂಪ್ಯೂಟರ್ ಮುಂದೆ ಕೂರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸಾಫ್ಟ್‌ವೇರ್ ಬೇಕಿದ್ದರೆ ಅದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿ. ನೆಕ್ಸ್ಟ್ ಒತ್ತುವ ಮೊದಲು ಪ್ರತಿ ಪುಟ ಓದಿ, ಬೇಡದ ಟಿಕ್ ತೆಗೆಯಿರಿ. ಹೆದರಿಸುವ ಕೆಂಪು ಪೆಟ್ಟಿಗೆಯ ಮಾತು ಕೇಳಿ ಏನನ್ನೂ ಹಾಕಿಕೊಳ್ಳಬೇಡಿ. ಅರ್ಜಿ ತುಂಬುವ ಮುನ್ನ ತಾಣದ ವಿಳಾಸವನ್ನು ಅಕ್ಷರ ಅಕ್ಷರ ನೋಡಿ. ಕಂಪ್ಯೂಟರ್ ಕೇಳದೆಯೇ ಏನಾದರೂ ತೋರಿಸತೊಡಗಿದರೆ ನಾಳೆ ಎನ್ನಬೇಡಿ. ನಿಮ್ಮನ್ನು ನಂಬಿ ಬಂದು ಎದುರು ಕೂತಿರುವ ಹುಡುಗಿಗೆ ಅದು ಕೊನೆಯ ದಿನವಾಗಿರಬಹುದು.