ಕಪಾಟಿನ ಸೂಕ್ಷ್ಮದರ್ಶಕ

ಉಡಿದಾರ ಕತ್ತರಿಸಲು ಬಗ್ಗಿದ ರಮಾನಂದನ ಚಾಕುವಿಗೆ ಚಾವಿಯೊಂದು ತಾಗಿ ಠಣ್ಣೆಂದಿತು. ಹೆಣಕ್ಕೆ ನೀರೆರೆಯುತ್ತಿದ್ದವರು ಕೈ ತಡೆದರು.

"ಅಣ್ಣನ ಸೊಂಟದಲ್ಲಿ ಇದೆಂತದು?" ಎಂದ ರಮಾನಂದ.

ಅಂಗಳದಂಚಿನಲ್ಲಿ ನಿಂತಿದ್ದ ಸೌಜನ್ಯಾಳಿಗೆ ಗೊತ್ತಿತ್ತು. ಅದು ಹೈಸ್ಕೂಲಿನ ಪ್ರಯೋಗಾಲಯದ ಕಪಾಟಿನ ಚಾವಿ. ನಿನ್ನೆ ಎದೆನೋವಿನಿಂದ ತೀರಿಕೊಂಡ ಅಣ್ಣಪ್ಪ ಮಾಸ್ತರು ಅಲ್ಲಿ ಹೆಡ್ಮಾಸ್ತರು. ಅವಳು ವಿಜ್ಞಾನ ಕಲಿಸುವವಳು. ಹೋದ ವರ್ಷ ಹತ್ತನೆಯ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ತೊಂದು ಮಂದಿ ವಿಜ್ಞಾನದಲ್ಲಿ ನಪಾಸು. ಈ ಸಲದ ಪರೀಕ್ಷೆಗೆ ಉಳಿದದ್ದು ಆರೇ ವಾರ. ಆ ಕಪಾಟು ತೆರೆಸಲು ಅವಳು ಎರಡು ವರ್ಷ ಬೇಡಿದ್ದಳು. ಈಗ ಸಾವಿನ ಮನೆಯಲ್ಲಿ ಬಾಯಿ ಬಿಡುವುದು ಹೇಗೆ? ಚಾವಿ ಕಂಡದ್ದೇ ಮನಸ್ಸು ಹಪಹಪಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ಇವರ ಕಾಲದಲ್ಲಿ ಶಾಲೇದು ಒಂದು ಗಾಜಿನ ಚೂರೂ ಒಡೀಲಿಲ್ಲ," ಎಂದಳು ಪಕ್ಕದ ಮನೆಯ ಗಂಗಿ, ಸೆರಗಿನಲ್ಲಿ ಮೂಗೊರೆಸುತ್ತ.

ಮುಟ್ಟಿದರಲ್ಲವೇ ಒಡೆಯುವುದು ಎಂಬ ಮಾತು ಸೌಜನ್ಯಾಳ ನಾಲಿಗೆಯ ತುದಿಗೆ ಬಂದು ನಿಂತಿತು.

*

ಅವಳು ಶಾಲೆಗೆ ಸೇರಿದ ವರ್ಷ ಕಪಾಟು ಒಮ್ಮೆ ತೆರೆದಿತ್ತು, ದಾಸ್ತಾನು ನೋಡಲು. ಮಾಸ್ತರು ಬೀಕರು, ಪ್ರನಾಳಗಳನ್ನು ಮಗುವಿನ ಮೈ ಒರೆಸಿದಂತೆ ಒರೆಸಿ ಮತ್ತೆ ಒಳಗಿಟ್ಟರು. ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನಂತೂ ಬಿಚ್ಚಲೇ ಇಲ್ಲ.

"ಸರ್, ಒಂದೇ ಒಂದು ಪಿರಿಯಡ್. ನಾನೇ ಕಾಯ್ತೇನೆ."

"ಬೇಡ ಅಕ್ಕೋರೆ. ನನ್ನ ಮೊದಲ ಶಾಲೆಯಲ್ಲಿ ಹುಡುಗನೊಬ್ಬ ಬೀಕರ್ ಒಡೆದ. ಅದಕ್ಕೆ ನಾನು ಮೂರು ವರ್ಷ ಸಮಜಾಯಿಷಿ ಬರೆದೆ. ಚಿತ್ರ ಪುಸ್ತಕದಲ್ಲಿ ಇದೆಯಲ್ಲ? ಬರೆಸಿ ಬರೆಸಿ ಬಾಯಿಪಾಠ ಮಾಡಿಸುವ."

ಮಾಡಿಸಿದರು ಕೂಡ. ದಿನಾ ಸಂಜೆ ತಾವೇ ಕೂತು, ಮನೆಯಿಂದ ಅವಲಕ್ಕಿ ತರಿಸಿ ತಿನ್ನಿಸಿ, ಮಕ್ಕಳ ಕೈಯಲ್ಲಿ ಚಿತ್ರ ತಿದ್ದಿಸಿದರು. ಕೆಟ್ಟವರಾಗಿದ್ದರೆ ಸೌಜನ್ಯಾ ಜಗಳ ತೆಗೆದಾದರೂ ಚಾವಿ ಕಿತ್ತುಕೊಳ್ಳುತ್ತಿದ್ದಳು. ಆದರೆ ಪರೀಕ್ಷೆಯಲ್ಲಿ ಚಿತ್ರ ತುಸು ತಿರುಗಿಸಿ ಕೊಟ್ಟದ್ದೇ ತಡ, ಮಕ್ಕಳು ಕಕ್ಕಾಬಿಕ್ಕಿಯಾದರು.

*

ಮಾಸ್ತರ ಹೆಂಡತಿ ಜಯಂತಿ ತಾನಾಗಿ ಬಂದು ಚಾವಿಯನ್ನು ಸೌಜನ್ಯಾಳ ಅಂಗೈಯಲ್ಲಿಟ್ಟಳು. ಅದಿನ್ನೂ ಒದ್ದೆಯಾಗಿತ್ತು.

"ತಕಂಡು ಹೋಗಿ ಅಕ್ಕೋರೆ. ಮಲಗುವಾಗಲೂ ಬಿಚ್ಚಿಡ್ತಿರಲಿಲ್ಲ. ಶಾಲೇದು ಕಳೆದ್ರೆ ಎಂತ ಮಾಡುದು ಹೇಳಿ ಹೆದರಿಕೆ. ಈಗ ಆತಲ್ಲ, ಹೆದರಿಕೆಯೂ ಮುಗೀತು."

ಸೌಜನ್ಯಾ ಆಗ ನಿಜವಾಗಿ ಅತ್ತಳು.

ಹೆಣ ಎತ್ತಿದ ಮೇಲೆ, ದರ್ಶನಕ್ಕೆ ಬಂದಿದ್ದ ಮಕ್ಕಳು ಚೀಲ ತರಲು ಅವಳೊಂದಿಗೆ ಶಾಲೆಗೆ ಮರಳಿದರು. ಅವಳು ನೇರ ಕಪಾಟಿಗೆ ಹೋದಳು. ಪೆಟ್ಟಿಗೆ ಬಿಚ್ಚಿ, ಸೂಕ್ಷ್ಮದರ್ಶಕವನ್ನು ಕಿಟಕಿಯ ಬೆಳಕಿಗಿಟ್ಟು ನೋಡಿದಳು. ಇಷ್ಟು ವರ್ಷದ ಕಡಲ ತೇವಕ್ಕೆ ಮಸೂರದೊಳಗೆಲ್ಲ ಬೂಷ್ಟು ಹಬ್ಬಿತ್ತು. ಒರೆಸಿದರೆ ಹೋಗುವಂಥದ್ದಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

"ನಾನೊಮ್ಮೆ ನೋಡ್ಲಾ ಟೀಚರ್?" ಎಂದಳು ಹತ್ತನೆಯ ತರಗತಿಯ ಸುಪ್ರಿಯಾ. ಬೇಡವೆನ್ನುವಷ್ಟರಲ್ಲಿ ಹುಡುಗಿ ಒಂದು ಕಣ್ಣು ಮುಚ್ಚಿ ಬಗ್ಗಿಯಾಗಿತ್ತು.

"ಅಯ್ಯೋ, ಕಾಣ್ತದೆ! ಬಿಳೀ ಬಿಳೀ ಎಳೆ! ಜೀವಕೋಶ ಅಂದ್ರೆ ಇದೇ ಅಲ್ದಾ ಟೀಚರ್? ಪುಸ್ತಕದಲ್ಲಿದ್ದಂಗೆ ಇಲ್ವೇ ಇಲ್ಲ!"

ಅದು ಬೂಷ್ಟು ಎನ್ನಲು ಸೌಜನ್ಯಾ ಬಾಯಿ ತೆರೆದಳು. ಅಷ್ಟರಲ್ಲಿ ಉಳಿದ ಮಕ್ಕಳು ಒಬ್ಬರನ್ನೊಬ್ಬರು ನೂಕುತ್ತ ಸಾಲುಗಟ್ಟಿದರು. ಸುಪ್ರಿಯಾ ನೆಲದಲ್ಲಿ ಕೂತು, ಪೆನ್ಸಿಲ್ಲು ಚೂಪು ಮಾಡಿ, ಬೂಷ್ಟಿನ ಒಂದೊಂದೇ ಎಳೆಯನ್ನು ನೋಟ್‌ಬುಕ್ಕಿಗೆ ಇಳಿಸಿ, ಕೆಳಗೆ ದುಂಡಗೆ 'ಜೀವಕೋಶ' ಎಂದು ಬರೆಯುತ್ತಿದ್ದಳು.