ಬಸ್ಸಿಲ್ಲದ ಊರು

ಊರಿಗೆ ಬಸ್ಸು ಬರುತ್ತದೆ ಎಂಬ ಸಂಗತಿಯನ್ನು ನಾಲ್ಕು ದಿನ ಬಾಯಿಬಿಡಬಾರದೆಂದು ಊರಿಗೆ ಊರೇ ಒಪ್ಪಿತ್ತು. ಒಪ್ಪಿಸಿದವನು ಒಳದಾರಿ. ಅದು ಅವನ ಅಡ್ಡಹೆಸರು. ಪರದೇಶದ ಪ್ರವಾಸಿಗರನ್ನು ಗುಡ್ಡ, ಕಾಡುಗಳ ನಡುವೆ ಹತ್ತಿರದ ದಾರಿಯಲ್ಲಿ ಕರೆದೊಯ್ಯುವುದು ಅವನ ಕಸುಬು. ಅಂಥವನು ಈ ಸಲ ಜನರನ್ನು ಅಲೆಸಿ ಸುಣ್ಣ ಮಾಡಲು ಹೊರಟಿದ್ದ.

ಕಾರಣ ಅವನ ಅಮ್ಮನ ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದು ಅವಳು ವರ್ಷಗಳಿಂದ ಗೋಡೆ ತಡವಿಕೊಂಡು ಓಡಾಡುತ್ತಿದ್ದಳು. ಬಸ್ಸು ಹತ್ತಿ ಪಟ್ಟಣದ ಆಸ್ಪತ್ರೆಗೆ ಹೋದರೆ ಅಲ್ಲಿ ಕಣ್ಣಿನ ಡಾಕ್ಟರ ಕುರ್ಚಿಯೇ ಖಾಲಿ. ಅಷ್ಟರಲ್ಲಿ ಪರದೇಶದ ಒಂದು ತಂಡದ ಸುದ್ದಿ ಬಂತು. ರಜೆಯಲ್ಲಿ ಬಂದು ಗುಡ್ಡ ಹತ್ತುತ್ತಾರಂತೆ, ಇಳಿದ ಕಡೆ ಬಿಟ್ಟಿಯಾಗಿ ಕಣ್ಣಿನ ಆಪರೇಷನ್ ಮಾಡುತ್ತಾರಂತೆ. ಆದರೆ ಗಾಡಿ ಹೋಗದ ಊರೇ ಆಗಬೇಕಂತೆ. ಸಾಹಸವೂ ಆಗಬೇಕು, ಸೇವೆಯೂ ಆಗಬೇಕು, ನೋಡಿ ಇವರ ಆಸೆಯನ್ನು. ನಮ್ಮೂರಿಗೆ ಕತ್ತೆ ಬರುವುದೂ ಕಷ್ಟ ಎಂದು ಒಳದಾರಿ ಹೇಳಿಬಿಟ್ಟ.

ಬಸ್ಸಿನ ಕಂಡಕ್ಟರು ಅವನ ಅಕ್ಕನ ಗಂಡ.

"ಬಸ್ಸನ್ನೇನು ಜೇಬಲ್ಲಿ ಇಟ್ಕೊಳ್ಲೇನಯ್ಯಾ?" ಎಂದ ಭಾವ.

"ತಿರುವಿನಲ್ಲಿ ದೊಡ್ಡ ಮರದ ಹಿಂದೆ ನಿಲ್ಸಿ ಭಾವ. ಹಾರ್ನ್ ಮಾತ್ರ ಹೊಡೀಬೇಡಿ."

"ಗೊತ್ತಾದ್ರೆ?"

"ಗಂಟುಮೂಟೆ ಕಟ್ಕೊಂಡು ಬೇರೆ ಊರಿಗೆ ಹೋಗ್ತಾರೆ. ಅಮ್ಮ ಹೀಗೇ ಇರ್ತಾಳೆ."

ಭಾವ ಡ್ರೈವರನನ್ನು ಹುಡುಕಿಕೊಂಡು ಹೋದ.

ಹೊರಟ ದಿನ ಒಳದಾರಿ ತಂಡವನ್ನು ಒಂದೇ ಗುಡ್ಡಕ್ಕೆ ಎರಡು ಕಡೆಯಿಂದ ಹತ್ತಿಸಿದ. ಸೊಂಟದ ನೀರಿನಲ್ಲಿ ತೊರೆ ದಾಟಿಸಿ, ಸ್ವಲ್ಪ ಕೆಳಗೆ ಹೋಗಿ ಮತ್ತೆ ಈಚೆ ದಡಕ್ಕೆ ತಂದ. ತೊರೆಯ ತಿರುವಿನ ಆಚೆ ಗಟ್ಟಿಮುಟ್ಟಾದ ಸೇತುವೆ ಇತ್ತು, ಪಾಪ, ಅವರಿಗೇನು ಗೊತ್ತು. ಜಿಗಣೆ ಕಚ್ಚಿದವರು ಕಾಲು ಚಾಚಿ ಫೋಟೊ ತೆಗೆಸಿಕೊಂಡರು. ತಂಡದ ಡಾಕ್ಟರು ಮಾತ್ರ ವಯಸ್ಸಾದವರು. ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತ ಕೊನೆಯಲ್ಲಿ ಬರುತ್ತಿದ್ದರು. ಅವರನ್ನು ಕಂಡು ಒಳದಾರಿ ಒಮ್ಮೆ ಸೇತುವೆಯ ಕಡೆ ತಿರುಗಿಯೂಬಿಟ್ಟ. ಆದರೂ ಅಮ್ಮನನ್ನು ನೆನೆದು ಮನಸ್ಸು ಕಲ್ಲು ಮಾಡಿಕೊಂಡ.

ಆಪರೇಷನ್ ಸಾಮಾನಿನ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಬರುತ್ತವೆ ಎಂದು ಹೇಳಿದ್ದ. ಅವು ಬಂದದ್ದು ಬಸ್ಸಿನ ಹಿಂದಿನ ಸೀಟಿನಲ್ಲಿ. ಆಳುಗಳು ದಾರಿಯುದ್ದಕ್ಕೂ ಇಸ್ಪೀಟು ಆಡಿಕೊಂಡು ಬಂದು, ಶಾಲೆಯ ಹಿಂದೆ ಇಳಿದು, ಮೈಗೆಲ್ಲ ಕೆಸರು ಬಳಿದುಕೊಂಡು ಜಗಲಿಯ ಮೇಲೆ ಬಿದ್ದುಕೊಂಡರು. ಒಬ್ಬನಂತೂ ನರಳಿದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಸ್ವಂತ ಪ್ರತಿಭೆ. ಡಾಕ್ಟರು ಆಳುಗಳನ್ನು ನೋಡಿದರು, ಪೆಟ್ಟಿಗೆಗಳನ್ನು ನೋಡಿದರು, ಕೈ ತೊಳೆಯಲು ಹೋದರು.

ಶಾಲೆಯ ಕೋಣೆಯಲ್ಲೇ ಆಪರೇಷನ್. ಮೊದಲ ದಿನ ಅಮ್ಮನ ಒಂದು ಕಣ್ಣು, ಇನ್ನೊಂದು ಕೊನೆಯ ದಿನಕ್ಕೆ. ಮಾರನೆಯ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚುವಾಗ ತಂಡವೆಲ್ಲ ಸುತ್ತ ನೆರೆದಿತ್ತು. ಏನು ಕಾಣುತ್ತದೆ ಕೇಳು ಎಂದು ಒಳದಾರಿಗೆ ಸನ್ನೆ ಮಾಡಿದರು.

ಅಮ್ಮ ಕಿಟಕಿಯ ಕಡೆ ತಿರುಗಿದಳು. ಕಣ್ಣು ಕಿರಿದು ಮಾಡಿದಳು.

"ಅಯ್ಯೋ, ಬಸ್ಸಿಗೆ ಯಾವಾಗ ನೀಲಿ ಬಣ್ಣ ಬಳಿದ್ರೋ? ಕೆಂಪಗಿತ್ತಲ್ಲ."

ಕಿಟಕಿಯಾಚೆ ತಿರುವಿನ ಮರದ ಹಿಂದೆ ಮುಕ್ಕಾಲು ಬಸ್ಸು ಅಡಗಿತ್ತು, ಕಾಲು ಭಾಗ ಹೊರಗಿತ್ತು. ಇನ್ನೊಂದು ಕಣ್ಣಿನ ಆಪರೇಷನ್ ಕೈತಪ್ಪಿತು ಅಂದುಕೊಂಡ ಒಳದಾರಿ. ಆದರೂ ನಾಲಿಗೆ ಅಭ್ಯಾಸಬಲದಿಂದ ಅವರ ಭಾಷೆಯಲ್ಲಿ ಓಡಿತು. ಆಕಾಶ ನೀಲಿಯಾಗಿ ಕಾಣುತ್ತಿದೆಯಂತೆ ಎಂದ. ಅಮ್ಮನ ಮುಖವನ್ನೇ ನೋಡುತ್ತಿದ್ದ ತಂಡದವರು ಚಪ್ಪಾಳೆ ತಟ್ಟಿದರು, ಒಬ್ಬಳು ಕಣ್ಣೊರೆಸಿಕೊಂಡಳು. ಫೋಟೊ ತೆಗೆದುಕೊಂಡು ಎಲ್ಲರೂ ಪಕ್ಕದ ಕೋಣೆಯ ರೋಗಿಗಳತ್ತ ಹೊರಟರು.

ಡಾಕ್ಟರು ಹೋಗಲಿಲ್ಲ. ಒಳದಾರಿಯ ಕಿವಿಯ ಬಳಿ ಬಗ್ಗಿ, ಊರಿನ ಭಾಷೆಯಲ್ಲೇ, ಒಂದೊಂದೇ ಪದ ಹುಡುಕಿ ಕೇಳಿದರು:

"ಆಕಾಶಕ್ಕೆ ಚಕ್ರ ಇರುತ್ತಾ?"

ಒಳದಾರಿ ಕಿಟಕಿಗೆ ಅಡ್ಡ ನಿಂತ. ಈ ಸೀಮೆಗೆ ವರ್ಷವರ್ಷ ಬಂದು ಡಾಕ್ಟರು ನಾಲ್ಕು ಮಾತು ಕಲಿತಿರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಆಳು ತುಂಬಾ ಕೆಸರು. ಪೆಟ್ಟಿಗೆ ತುಂಬಾ ಚೊಕ್ಕ. ನನಗೆ ಅವತ್ತೇ ಗೊತ್ತು," ಎಂದರು ಡಾಕ್ಟರು.

"ಸಾರ್, ಇನ್ನೊಂದು ಕಣ್ಣು..."

"ಮಾಡ್ತೀನಿ. ನನ್ನ ಹುಡುಗರಿಗೆ ಹೇಳಬೇಡ. ಅವರು ಗುಡ್ಡಕ್ಕೆ ಬರೋದು, ಕಣ್ಣಿಗೆ ಅಲ್ಲ. ಮುಂದಿನ ವರ್ಷ ಅವರು ಗುಡ್ಡ. ನಾನು ಬಸ್ಸು." ಮೊಣಕಾಲು ತಟ್ಟಿಕೊಂಡು ಡಾಕ್ಟರು ಹೊರಟುಹೋದರು.

ಒಳದಾರಿಗೆ ಹೋದ ಜೀವ ಬಂದಂತಾಯಿತು. ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದವನನ್ನು ಅಮ್ಮ ಹತ್ತಿರ ಕರೆದಳು. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಹಣೆ ಸವರಿದಳು, ಕಿವಿಯ ಮೇಲಿನ ಕೂದಲಲ್ಲಿ ಬೆರಳಾಡಿಸಿದಳು.

"ಇದೇನೋ ಬೆಳ್ಳಗೆ?"

"ಗುಡ್ಡದ ಧೂಳಮ್ಮ."

ಅಮ್ಮ ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಮತ್ತೊಮ್ಮೆ ಉಜ್ಜಿದಳು.

"ನನ್ನ ಮಗ ಮುದುಕ ಆಗ್ತಿದ್ದಾನೆ ಅಂತ ಯಾರೂ ನಂಗೆ ಹೇಳ್ಲಿಲ್ವಲ್ಲೋ."

ಒಳದಾರಿ ಬಾಯಿ ತೆರೆದ. ಅಷ್ಟು ಹತ್ತಿರದಿಂದ ಅವಳು ನೋಡುತ್ತಿರುವಾಗ ಅವನಿಗೆ ಒಂದು ಸುಳ್ಳೂ ಹೊಳೆಯಲಿಲ್ಲ.