ಮುಚ್ಚುವ ಹೊತ್ತಿಗೆ ಒಳಗಿದ್ದವಳು

ಬಾಗಿಲಕ್ಕನ ಕಸುಬು ಏನೆಂದು ಅವಳ ಅತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಕಳ್ಳತನ ಆಗಿದೆಯಾ? ಇಲ್ಲ. ಬೆಂಕಿ ಬಿದ್ದಿದೆಯಾ? ಇಲ್ಲ. ಮತ್ತೆ ನಿನ್ನನ್ನ ಯಾಕಮ್ಮಾ ಕರೀತಾರೆ?" ಎಂದು ಕೇಳುತ್ತಿದ್ದರು. ಏನೂ ಆಗದಿರುವಾಗಲೇ ಕರೆಯಬೇಕು ಅತ್ತೆ, ಆದಮೇಲೆ ಕರೆದರೆ ನಾನೇನು ಮಾಡಲಿ ಎಂದರೆ ಮೂಗು ಮುರಿಯುತ್ತಿದ್ದರು. ಅವರದೂ ತಪ್ಪಲ್ಲ ಬಿಡಿ. ಅಂಗಡಿ, ಚಿತ್ರಮಂದಿರ, ಈಜುಕೊಳ, ಹೀಗೆ ಜನ ಬಂದುಹೋಗುವ ಜಾಗಗಳಿಗೆ ಸಾದಾ ಗಿರಾಕಿಯಂತೆ ಹೋಗಿ, ಇಲ್ಲಿ ಏನೇನು ಕೆಡಬಹುದೆಂದು ಮುಂಚೆಯೇ ಕಲ್ಪಿಸಿಕೊಂಡು, ಅದನ್ನು ಮಾಲೀಕರಿಗೆ ತಿಳಿಸುವುದು ಅವಳ ಕೆಲಸ. ಭಯಪಡುವುದಕ್ಕೆ ಸಂಬಳ! ಎಂಥಾ ಕಸುಬು ಅಂತೀರಿ! ಎಲ್ಲಿಗೆ ಹೋದರೂ ಮನುಷ್ಯರ ಮುಖಕ್ಕಿಂತ ಮೊದಲು ಬಾಗಿಲ ಚೌಕಟ್ಟು ನೋಡುತ್ತಾಳೆಂದು ಕಚೇರಿಯವರು ಅವಳಿಗೆ ಈ ಹೆಸರಿಟ್ಟಿದ್ದರು.

ಅವಳ ತಂಗಿ ಅವಳಿಂದ ದೂರವಾದದ್ದೂ ಇದೇ ಕಸುಬಿನಿಂದ. ತಂಗಿಯ ಮದುವೆಯ ದಿನ ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಹಿಂದಿನ ಬಾಗಿಲಿಗೆ ಯಾರೋ ಕುರ್ಚಿ ಒಟ್ಟಿದ್ದರು, ಪಕ್ಕದ ಬಾಗಿಲಿಗೆ ಬೀಗ. ಕುರ್ಚಿ ತೆಗೆಸಿ ಎಂದಳು ಬಾಗಿಲಕ್ಕ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀಗದ ಕೈ ಯಾರ ಹತ್ತಿರ ಇದೆ ಎಂದಳು, ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಮೈಕು ಕಿತ್ತುಕೊಂಡು "ಎಲ್ಲರೂ ಈಗಲೇ ಹೊರಗೆ ನಡೀರಿ" ಎಂದುಬಿಟ್ಟಳು. ಅದೂ ಗಂಡು ಹೆಣ್ಣು ಎದುರುಬದುರು ನಿಂತ ಗಳಿಗೆಯಲ್ಲಿ! ಜನ ದುಡುದುಡು ಓಡಿದರು. ಗಂಡಿನ ಕಡೆಯವರು ಮುಖ ಊದಿಸಿಕೊಂಡು ಮತ್ತೆ ಒಳಗೆ ಬರುವುದಿಲ್ಲ ಎಂದರು, ಅವರನ್ನು ರಮಿಸಿ ಕರೆತರುವಷ್ಟರಲ್ಲಿ ತಂಗಿಯ ಕಾಡಿಗೆಯೆಲ್ಲ ಕೆನ್ನೆಗಿಳಿದಿತ್ತು. ಬೆಂಕಿ ಬೀಳಲಿಲ್ಲ, ಹೊಗೆಯೂ ಏಳಲಿಲ್ಲ. ಅಂದು ಮಾತು ಬಿಟ್ಟ ತಂಗಿ ಆರು ವರ್ಷವಾದರೂ ತುಟಿ ಬಿಚ್ಚಿರಲಿಲ್ಲ. ಬಾಗಿಲಕ್ಕ ಫೋನ್ ಮಾಡಿದರೆ ತಂಗಿಯ ಗಂಡ ಎತ್ತಿಕೊಂಡು, ಪಾಪ, ಹವಾಮಾನದ ಬಗ್ಗೆ ಮಾತಾಡುತ್ತಿದ್ದ.

ಹೀಗಿರುವಾಗ ಒಂದು ದೊಡ್ಡ ಫರ್ನಿಚರ್ ಮಳಿಗೆಯ ಕೆಲಸ ಬಂತು. ಅಂಗಡಿ ಮುಚ್ಚುವ ಹೊತ್ತಿಗೆ ಕಣ್ಣಿಗೆ ಕಾಣುವಂಥ ಜಾಗದಲ್ಲಿ ಕೂತಿರಬೇಕು. ಮಹಡಿಯ ಮೇಲ್ವಿಚಾರಕಿ ಕಂಡುಹಿಡಿದು ಹೊರಗೆ ಕಳಿಸಿದರೆ ಪಾಸು, ಒಳಗೇ ಬಿಟ್ಟು ಬೀಗ ಹಾಕಿದರೆ ಫೇಲು. ಫೇಲಾದ ಮೇಲ್ವಿಚಾರಕಿಯನ್ನು ಗೋದಾಮಿಗೆ ಹಾಕುತ್ತೇನೆಂದು ಮಾಲೀಕ ಸಿಬ್ಬಂದಿಯ ಮುಂದೆ ಮೊದಲೇ ಗುಡುಗಿದ್ದ. ಆ ಮೇಲ್ವಿಚಾರಕಿ ಬೇರೆ ಯಾರೂ ಅಲ್ಲ, ತಂಗಿಯೇ. ನೆಂಟರಿರುವ ಕಡೆ ಹೋಗಬಾರದು ಎನ್ನುವುದು ಕಚೇರಿಯ ಕಟ್ಟುನಿಟ್ಟು. ಬಾಗಿಲಕ್ಕ ತೆಪ್ಪಗಿದ್ದಳು. ಅವಳಿಗೆ ಬೇಕಾಗಿದ್ದು ಇಷ್ಟೇ: ಮಾತು ಬಿಟ್ಟವಳಾದರೂ, 'ಏಳಿ, ಅಂಗಡಿ ಮುಚ್ಚುತ್ತಿದ್ದೇವೆ' ಎಂದಾದರೂ ತಂಗಿ ಬಾಯಿಬಿಟ್ಟು ಹೇಳಲೇಬೇಕಲ್ಲ. ಆ ಒಂದು ಮಾತು ಕೇಳಿಸಿಕೊಂಡು ಬರೋಣ ಎಂದು ಹೊರಟಳು. ತಂಗಿಯ ಕಣ್ಣಿಗೆ ಬೀಳದೆ ಹೋದರೆ? ತಂಗಿಯ ವಿರುದ್ಧ ತನ್ನ ಕೈಯಾರೆ ಬರೆಯಬೇಕು, ಆಮೇಲೆ ಈ ಮೌನ ಜೀವಮಾನದ್ದು.

ಅವತ್ತು ಮಳಿಗೆಗೆ ಅರ್ಧ ದಿನದ ರಜೆ, ಮಧ್ಯಾಹ್ನಕ್ಕೇ ಮುಚ್ಚುವುದು. ಒಳಗೆ ಕಾಲಿಟ್ಟರೆ ಮನೆಯೊಳಗೆ ಮನೆ, ಅದರೊಳಗೆ ಇನ್ನೊಂದು ಮನೆ. ಸೂರಿಲ್ಲದ ಕೋಣೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರಿಲ್ಲ. ಕಪಾಟಿನ ಪುಸ್ತಕ ಎಳೆದರೆ ಬರೀ ರಟ್ಟು. ಗೋಡೆಗಡಿಯಾರಗಳೆಲ್ಲ ಒಂದೇ ಹೊತ್ತನ್ನು ತೋರಿಸುತ್ತ ನಿಂತುಬಿಟ್ಟಿದ್ದವು, ಆ ಹೊತ್ತು ಇಲ್ಲಿಗೆ ಎಂದೂ ಬರುವಂತಿರಲಿಲ್ಲ. ಯಾರೋ ಗಂಡ ಹೆಂಡತಿ ತಮ್ಮದಲ್ಲದ ಊಟದ ಮೇಜಿನ ಮುಂದೆ ಕೂತು, ಬರಲಿರುವ ಮನೆಯಲ್ಲಿ ಯಾರು ಯಾವ ಕಡೆ ಮಲಗುವುದೆಂದು ಪಿಸುಪಿಸು ಜಗಳವಾಡುತ್ತಿದ್ದರು. ಆರಾಮಕುರ್ಚಿಯಲ್ಲೊಬ್ಬ ದಪ್ಪನೆಯ ಮನುಷ್ಯ ಟೋಪಿಯನ್ನು ಎದೆಗವಚಿಕೊಂಡು ನಿದ್ದೆಹೋಗಿದ್ದ. ಮಾರಾಟದ ಹುಡುಗಿ ಅವನ ಪಕ್ಕದಲ್ಲಿ ತುದಿಗಾಲಲ್ಲಿ ನಡೆದಳು.

ಬಾಗಿಲಕ್ಕ ನೆಲದ ಮೇಲಿನ ಬಾಣದ ಗುರುತು ಹಿಡಿದು ನಡೆದಳು. ಬಾಣ ತಿರುಗಿ ತಿರುಗಿ ಅವಳನ್ನು ಮತ್ತೆ ಅದೇ ಹಳದಿ ಸೋಫಾದ ಮುಂದೆ ತಂದು ನಿಲ್ಲಿಸಿತು. ಹೊಗೆ ತುಂಬಿದರೆ ಜನ ಇಲ್ಲೇ ಸುತ್ತುತ್ತಾರೆ ಎಂದುಕೊಂಡಳು, ಆದರೆ ಆ ಯೋಚನೆಗೂ ಇಂದು ಅಂಥ ಮೊನೆಯಿರಲಿಲ್ಲ. ಎಲ್ಲಿಂದಲೋ ತೆಳುವಾದ ಸಂಗೀತ, ಹೊಸ ಮರದ ವಾಸನೆ, ತೂಗುದೀಪಗಳ ಬೆಚ್ಚನೆಯ ಬೆಳಕು. ದೂರದಲ್ಲಿ, ಪರದೆಗಳ ಸಾಲಿನ ಆಚೆ, ತಂಗಿ ಹಾದುಹೋದಳು. ಸ್ವಲ್ಪ ಮೈ ಬಂದಿದೆ. ಕೂದಲು ಕತ್ತರಿಸಿಕೊಂಡಿದ್ದಾಳೆ, ಅಯ್ಯೋ, ಅಂಥಾ ಕೂದಲು! ತಂಗಿ ಇತ್ತ ತಿರುಗಲಿಲ್ಲ. ಒಂದು ಪರದೆಯ ಹಿಂದೆ ಹೋದವಳು ಇನ್ನೊಂದರಿಂದ ಹೊರಬಂದು, ಕನ್ನಡಿ ಬೀರುಗಳಲ್ಲಿ ನಾಲ್ಕೈದು ಜನವಾಗಿ, ಮತ್ತೆ ಯಾರೂ ಇಲ್ಲವಾದಳು.

ಎರಡು ಪುಟ್ಟ ಮಂಚಗಳಿದ್ದ ಕೋಣೆಯೊಂದಕ್ಕೆ ಬಾಗಿಲಕ್ಕ ಬಂದಳು. ಕೂರಬೇಕಾದವಳು ಮಲಗಿದಳು. ಮಲಗಿದವರ ಕಣ್ಣಿಗೆ ಏನು ಕಾಣುತ್ತದೆಂದು ನೋಡಬೇಕಲ್ಲ ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ಕನ್ನಡಕ ಮೂಗಿನ ಮೇಲೆ, ಬೂಟು ಕಾಲಲ್ಲಿ, ಪಾದ ಮಂಚದಾಚೆ. ಹಾಸಿಗೆ ಅವಳನ್ನು ಮೆಲ್ಲಗೆ ಒಳಕ್ಕೆಳೆದುಕೊಂಡಿತು. ಇಷ್ಟು ವರ್ಷದ ಕಸುಬಿನಲ್ಲಿ ಎಂದೂ ಆಗದ್ದು ಆಗಿಹೋಯಿತು, ಕಾವಲು ನೋಡಲು ಬಂದವಳು ನಿದ್ದೆಹೋದಳು.

ಕನಸಿನಲ್ಲಿ ಅವಳು ಬಾಗಿಲುಗಳನ್ನು ಒಂದರ ಹಿಂದೊಂದು ತೆರೆಯುತ್ತಿದ್ದಳು. ಪ್ರತಿ ಬಾಗಿಲ ಹಿಂದೆಯೂ ಜನ ಕೂತಿದ್ದರು, ಎಲ್ಲರಿಗೂ ಮದುವೆಯ ಉಡುಪು, ಯಾರಿಗೂ ಗಾಬರಿಯಿಲ್ಲ. ಹೊರಗೆ ನಡೀರಿ ಎನ್ನಬೇಕೆಂದು ಬಾಯಿ ತೆರೆದರೆ ಬಾಯಿಂದ ಹತ್ತಿ ಹಾರುತ್ತಿತ್ತು. ಅವರು ಕೈಚಾಚಿ ಹತ್ತಿಯನ್ನು ಹಿಡಿದು ನಗುತ್ತಿದ್ದರು.

ಎಚ್ಚರವಾದಾಗ ದೀಪಗಳೆಲ್ಲ ಆರಿದ್ದವು. ಸಂಗೀತವಿಲ್ಲ, ಹೆಜ್ಜೆ ಸದ್ದಿಲ್ಲ. ಎತ್ತರದ ಗಾಜಿನಿಂದ ಮಧ್ಯಾಹ್ನದ ಬಿಸಿಲು ಸೂರಿಲ್ಲದ ಕೋಣೆಗಳ ಮೇಲೆ ಬಿದ್ದು, ಧೂಳು ನಿಧಾನವಾಗಿ ತೇಲುತ್ತಿತ್ತು. ಮುಚ್ಚಿಹೋಗಿದೆ. ತಂಗಿ ನೋಡಲೇ ಇಲ್ಲ. ಒಳಗೆ ಸಿಕ್ಕಿಬಿದ್ದದ್ದಕ್ಕೆ ಅವಳಿಗೆ ಹೆದರಿಕೆಯಾಗಲಿಲ್ಲ, ಅಳು ಬಂತು. ತಡೆದುಕೊಳ್ಳದೆ ಅತ್ತಳು. ಕಣ್ಣೊರೆಸಲು ಕನ್ನಡಕ ತೆಗೆಯಹೋದರೆ, ಮುಖದ ಮೇಲೆ ಕನ್ನಡಕವೇ ಇರಲಿಲ್ಲ. ಅದು ಮಡಚಿ ಪಕ್ಕದ ಮೇಜಿನ ಮೇಲಿತ್ತು. ಕಾಲಲ್ಲಿ ಬೂಟಿರಲಿಲ್ಲ. ಮೈಮೇಲೆ ಬೆಲೆಚೀಟಿಯ ಸಮೇತ ಒಂದು ಹೊಸ ಕಂಬಳಿ. ಅವಳು ತಬ್ಬಿಬ್ಬಾಗಿ ಆ ಚೀಟಿ ಹಿಡಿದೆಳೆದಳು.

"ಕೀಳಬೇಡ. ಕಿತ್ರೆ ಆ ಕಂಬಳಿ ನಾನೇ ಕೊಂಡ್ಕೋಬೇಕಾಗತ್ತೆ."

ತಂಗಿ ಪಕ್ಕದ ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು. ಆರು ವರ್ಷದ ಮೇಲೆ ಅವಳಾಡಿದ ಮೊದಲ ಮಾತು ಅದು.

"ಯಾವಾಗ ನೋಡಿದೆ?" ಎಂದಳು ಬಾಗಿಲಕ್ಕ.

"ನೀನು ಬಂದಾಗಲೇ. ಒಳಗೆ ಬರೋಕೆ ಮುಂಚೆ ಚೌಕಟ್ಟು ತಡವಿ ನೋಡೋ ಗಿರಾಕಿ ಈ ಲೋಕದಲ್ಲಿ ಇನ್ನೊಬ್ಬಳಿದಾಳಾ?"

"ಮತ್ತೆ ಎಬ್ಬಿಸಲಿಲ್ಲ ಯಾಕೆ?"

"ಎಬ್ಬಿಸೋಕೇ ಬಂದೆ. ಬೈಯೋಕೆ ಅಂತ ಇಷ್ಟು ವರ್ಷ ಕೂಡಿಟ್ಟಿದ್ದೆಲ್ಲ ನಾಲಿಗೆ ತುದೀಲಿತ್ತು. ನೋಡಿದ್ರೆ ಬಾಯಿ ಬಿಟ್ಕೊಂಡು ಗೊರಕೆ ಹೊಡೀತಿದೀಯ." ತಂಗಿ ಮುಖ ಆಚೆ ತಿರುಗಿಸಿದಳು. "ನೀನು ನಿದ್ದೆ ಮಾಡಿದ್ದನ್ನ ನಾನು ಯಾವತ್ತು ನೋಡಿದೀನಿ ಹೇಳು. ನಾನು ಮಲಗೋವಾಗಲೂ ನೀನು ಎದ್ದಿರ್ತಿದ್ದೆ, ನಾನು ಏಳೋವಾಗಲೂ ಎದ್ದಿರ್ತಿದ್ದೆ. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಎಲ್ಲರನ್ನೂ ಮನೆಗೆ ಕಳಿಸಿ, ಬೀಗ ಹಾಕ್ಕೊಂಡು ಬಂದು ಕೂತೆ."

"ಒಳಗೆ ಜನ ಇಟ್ಕೊಂಡು ಬೀಗ ಹಾಕಿದ್ಯಾ? ಹಾಗಾದ್ರೆ ಫೇಲು," ಎಂದುಬಿಟ್ಟಳು ಬಾಗಿಲಕ್ಕ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹುಟ್ಟುಗುಣ, ಏನು ಮಾಡೋಣ!

"ಗೊತ್ತು ಕಣೇ. ಬರಕೋ ಹೋಗು, ಗೋದಾಮಿಗೆ ಹೋಗ್ತೀನಿ." ತಂಗಿ ಸಿಡುಕಿದಳು. ಆಮೇಲೆ ದನಿ ತಗ್ಗಿತು. "ಅವತ್ತು ಬೆಂಕಿ ಬೀಳಬಾರದಿತ್ತಾ ಅಂತ ಎಷ್ಟು ಸಲ ಅನ್ಕೊಂಡಿದೀನಿ ಗೊತ್ತಾ? ನನ್ನ ಮದುವೇಲೇ! ಒಂದು ಪರದೆ ಹೊತ್ಕೊಂಡಿದ್ರೂ ಸಾಕಿತ್ತು. ನೀನು ಮಾಡಿದ್ದೇ ಸರಿ ಅಂತ ಆಗಿರೋದು. ನಿನ್ ಜೊತೆ ಮಾತಾಡಬಹುದಿತ್ತು."

ಬಾಗಿಲಕ್ಕ ಕಂಬಳಿಯ ಅಂಚನ್ನು ಹಿಂಡಿದಳು. "ನಾನು ಜನಕ್ಕೋಸ್ಕರ ಹೆದರಿದ್ದಲ್ಲ ಕಣೇ. ಜನ ಹೇಗೋ ಓಡ್ತಿದ್ರು. ನೀನು ಅಷ್ಟು ಭಾರದ ಬಟ್ಟೆ ಹಾಕ್ಕೊಂಡು ಆ ತುದೀಲಿ ನಿಂತಿದ್ದೆ. ನಿನ್ ಕೈಲಿ ಓಡೋಕಾಗಲ್ಲ ಅಂತ ಗೊತ್ತಾಯ್ತು. ಆಮೇಲೆ ನನಗೆ ಬೇರೇನೂ ಕಾಣಲಿಲ್ಲ."

"ಇದನ್ನ ಅವತ್ತೇ ಹೇಳೋಕೆ ಏನು ಧಾಡಿ?"

"ನೀನು ಕೇಳೋ ಸ್ಥಿತೀಲಿದ್ಯಾ?"

ಬಿಸಿಲು ಗೋಡೆಯಿಂದ ಗೋಡೆಗೆ ಜಾರಿ ಇಬ್ಬರ ಮಂಚದ ನಡುವೆ ಬಂದಿತ್ತು. ಬಾಗಿಲಕ್ಕ ಚೀಲದಿಂದ ಫೋನ್ ತೆಗೆದು ಕಚೇರಿಗೆ ಕರೆ ಮಾಡಿದಳು.

"ಸಾರ್, ಫರ್ನಿಚರ್ ಮಳಿಗೆದು ರದ್ದು ಮಾಡಿ. ನಾನು ನೋಡಿದ್ದು ಯಾವುದೂ ಲೆಕ್ಕಕ್ಕಿಲ್ಲ. ಇಲ್ಲಿ ಮೇಲ್ವಿಚಾರಕಿ ನನ್ನ ತಂಗಿ."

ಆ ಕಡೆಯವರು ಕೂಗಾಡಿದ್ದು ತಂಗಿಗೂ ಕೇಳಿಸಿತು. ಮೊದಲೇ ಬಾಯಿ ಬಿಡೋಕೆ ಏನಾಗಿತ್ತು, ನಿಮ್ಮಂಥ ಹಳಬರೇ ಹೀಗೆ ಮಾಡಿದರೆ ಹೇಗೆ, ನಾನು ಹೇಳೋವರೆಗೆ ಯಾವ ಕೆಲಸಕ್ಕೂ ಹೋಗಬೇಡಿ. ಬಾಗಿಲಕ್ಕ ಎಲ್ಲಕ್ಕೂ ಹೂಂ ಎಂದಳು. "ನನ್ನದೇ ತಪ್ಪು ಸಾರ್. ಹೌದು ಸಾರ್, ಒಡಹುಟ್ಟಿದವಳು. ನನ್ನ ತಂಗಿ," ಎಂದು, ಯಾರೂ ಕೇಳದಿದ್ದರೂ, ಮತ್ತೊಮ್ಮೆ ಹೇಳಿ ಫೋನ್ ಇಟ್ಟಳು.

ತಂಗಿ ಅಂಗೈಯಿಂದ ಮೂಗೊರೆಸಿಕೊಂಡಳು. "ಇನ್ನೊಬ್ರು ಬರ್ತಾರಾ?"

"ಬಂದೇ ಬರ್ತಾರೆ. ಯಾವಾಗ ಅಂತ ನನಗೂ ಹೇಳಲ್ಲ."

"ಬರಲಿ. ಕಿವಿ ಹಿಡಿದು ಹೊರಗೆ ಹಾಕ್ತೀನಿ."

ಬಾಗಿಲಕ್ಕ ನಕ್ಕಳು. ಮಂಚದಿಂದ ಕಾಲಿಳಿಸಿ ಬೂಟಿಗಾಗಿ ತಡಕಾಡಿದಳು.

"ಎಲ್ಲಿಗೆ ಹೊರಟೆ?"

"ಅಂಗಡಿ ಮುಚ್ಚಿದೆಯಲ್ಲೇ. ಹೋಗಬೇಡ್ವಾ?"

ತಂಗಿ ಎದ್ದು ಬಂದು ಬೂಟನ್ನು ಕಾಲಿನಿಂದಲೇ ಮಂಚದ ಕೆಳಕ್ಕೆ ತಳ್ಳಿದಳು. ಅಕ್ಕನ ಭುಜ ಹಿಡಿದು ಮತ್ತೆ ಮಲಗಿಸಿ, ಕಂಬಳಿಯನ್ನು ಕತ್ತಿನವರೆಗೂ ಎಳೆದಳು.

"ಇನ್ನೊಂಚೂರು ಹೊತ್ತು ಮಲಗು," ಎಂದಳು. "ನಾನು ಎದ್ದಿರ್ತೀನಿ."